ಮಾಗಿಯ ಚಳಿಯೂ ಮನೆಯ ಕಷಾಯವೂ

ಕಾರ್ತಿಕದ ದೀಪಗಳು ಆರಿ ಮಾರ್ಗಶಿರವು ಕಾಲಿಟ್ಟಿತೆಂದರೆ ನಮ್ಮ ದಾವಣಗೆರೆಯ ಸೀಮೆಯಲ್ಲಿ ಗಾಳಿಯ ಸ್ವಭಾವವೇ ಬೇರೆಯಾಗುತ್ತದೆ. ಹಗಲಿನ ಬಿಸಿಲು ಚುರುಕಾಗಿಯೇ ಇರುವುದು. ಸಂಜೆಯಾಗುತ್ತಲೇ ಒಣಗಾಳಿಯು ಬೀಸತೊಡಗಿ ತುಟಿಯನ್ನೂ ಹಿಮ್ಮಡಿಯನ್ನೂ ಒಡೆಯಿಸುವುದು. ಹಿಮಾಲಯದ ತಪ್ಪಲಿನವರು ಕೇಳಿದರೆ ನಕ್ಕುಬಿಡುವಂತಹ ಚಳಿ ನಮ್ಮದು. ಬೆಳಗಿನ ಜಾವಕ್ಕೆ 15 ಡಿಗ್ರಿಯ ಸುಮಾರಿಗೆ ಇಳಿದರೆ ನಾವು ಕಂಬಳಿಯನ್ನು ಹುಡುಕುತ್ತೇವೆ. ಆದರೆ ಅದೇ ದಿನ ಮಧ್ಯಾಹ್ನ 30 ಡಿಗ್ರಿಯ ಬಿಸಿಲೂ ಇರುವುದುಂಟು. ಈ ಏರಿಳಿತವನ್ನು ದೇಹವು ಸಹಿಸಿಕೊಳ್ಳುತ್ತಿರುವಾಗಲೇ ಭದ್ರಾ ನಾಲೆಯ ಗದ್ದೆಗಳಲ್ಲಿ ಬತ್ತದ ಕುಯ್ಲೂ ಒಕ್ಕಣೆಯೂ ನಡೆದು, ಹೊಟ್ಟಿನ ಧೂಳು ಊರೊಳಕ್ಕೂ ಬರುತ್ತದೆ. ಮಕ್ಕಳೂ ಮುದುಕರೂ ಕಿಟಕಿಗಳನ್ನು ಮುಚ್ಚಿ ಒಂದೇ ಕೋಣೆಯಲ್ಲಿ ಮಲಗುವುದರಿಂದ ಒಬ್ಬರ ನೆಗಡಿಯು ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಆ ದಿನಗಳಲ್ಲಿ ಚೌಕಿಪೇಟೆಯ ಗ್ರಂಧಿಗೆ ಅಂಗಡಿಗಳ ಮುಂದೆ ನಿಂತು ನೋಡಿದರೆ, ಒಣಶುಂಠಿ, ಹಿಪ್ಪಲಿ, ಜೇಷ್ಠಮಧುಗಳನ್ನು ಕಟ್ಟಿಸಿಕೊಳ್ಳುವ ಗೃಹಿಣಿಯರಿಗೆ ಕೊರತೆಯಿರುವುದಿಲ್ಲ.

ಈ ಮನೆಮದ್ದಿನ ವಿಚಾರವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂಬ ಆಸೆಯು ನನಗೆ ಬಹುಕಾಲದಿಂದ ಇತ್ತು. ಈಗ ಪೇಟೆಯಲ್ಲಿ ಇದೇ ವಸ್ತುವನ್ನು ಬಣ್ಣದ ಡಬ್ಬಿಗಳಲ್ಲಿ ತುಂಬಿ ‘ಹರ್ಬಲ್ ಟೀ’ ಎಂಬ ಹೆಸರಿಟ್ಟು ಮಾರುತ್ತಾರೆ. ಹೆಸರಿನ ಬಗೆಗೆ ಜಗಳವೇನೂ ಬೇಡ. ಆದರೂ ಚಹವೆಂಬುದು ಒಂದು ಗೊತ್ತಾದ ಗಿಡದ ಎಲೆ. ಆ ಎಲೆಯಿಲ್ಲದ ಪಾನೀಯವನ್ನು ಚಹವೆನ್ನುವುದಕ್ಕಿಂತ ನಮ್ಮ ಹಿರಿಯರು ಕರೆದಂತೆ ಕಷಾಯವೆನ್ನುವುದೇ ಲೇಸು. ಚಹದ ಒಗರು ನಾವು ತಿಂದ ಕಾಳು ಸೊಪ್ಪುಗಳಲ್ಲಿನ ಕಬ್ಬಿಣದ ಅಂಶವು ದೇಹಕ್ಕೆ ಹತ್ತದಂತೆ ತಡೆಯುವುದೆಂದು ವೈದ್ಯರು ಹೇಳುತ್ತಾರೆ. ಆದಕಾರಣ ರಕ್ತಹೀನತೆಯುಳ್ಳ ಹೆಣ್ಣುಮಕ್ಕಳು ಊಟದ ಜೊತೆಯಲ್ಲಿಯೇ ಚಹ ಕುಡಿಯುವುದನ್ನು ಬಿಡುವುದು ಒಳ್ಳೆಯದು. ಬೆಚ್ಚಗೆ ಏನಾದರೂ ಬೇಕೆನಿಸಿದಾಗ ಜೀರಿಗೆಯ ನೀರು ಸಾಕು.

ನನ್ನ ತವರುಮನೆಯು ಹರಿಹರ. ಸೇರಿದ ಮನೆಯು ದಾವಣಗೆರೆ. ಎರಡಕ್ಕೂ ನಡುವೆ ಸುಮಾರು 14 ಕಿಲೋಮೀಟರುಗಳ ದಾರಿ. ಇಷ್ಟು ಸಮೀಪದ ಊರುಗಳಾದರೂ ಆ ಎರಡು ಮನೆಗಳ ಕಷಾಯಗಳು ಒಂದಕ್ಕೊಂದು ಹೋಲುತ್ತಿರಲಿಲ್ಲ. ತವರಿನಲ್ಲಿ ಎಲೆಯ ಕಷಾಯ. ಅತ್ತೆಯ ಮನೆಯಲ್ಲಿ ಪುಡಿಯ ಕಷಾಯ. ಮದುವೆಯಾಗಿ ಬಂದ ಹೊಸತರಲ್ಲಿ ಇದು ನನಗೆ ಕೇವಲ ರುಚಿಯ ಭೇದವೆಂದು ತೋರಿತ್ತು. ಅದರ ಹಿಂದೆ ಒಂದು ಕ್ರಮವೂ ಕಾರಣವೂ ಉಂಟೆಂಬುದು ಮುಂದೆ ತಿಳಿಯಿತು.

ಹರಿಹರದಲ್ಲಿ ತುಂಗಭದ್ರೆಯ ದಡಕ್ಕೆ ಹತ್ತಿರವಾಗಿದ್ದ ನಮ್ಮ ಮನೆಯ ಹಿತ್ತಲು ದೊಡ್ಡದು. ಅಲ್ಲಿ ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲು ಇವು ಯಾವಾಗಲೂ ಇರುತ್ತಿದ್ದುವು. ಮಾಗಿಯ ಬೆಳಗಿನಲ್ಲಿ ಹೊಳೆಯ ಮೇಲಿನ ಮಂಜು ಹಿತ್ತಲವರೆಗೂ ಬಂದಿರುವಾಗ ನಮ್ಮ ಅವ್ವ ಸೆರಗನ್ನು ತಲೆಗೆ ಹೊದ್ದು ಎಲೆಗಳನ್ನು ಕೊಯ್ದು ತರುತ್ತಿದ್ದಳು. ತುಳಸಿಯನ್ನು ಮಾತ್ರ ಸಂಜೆಯ ಮೇಲೆ ಮುಟ್ಟಬಾರದೆಂಬ ಕಟ್ಟಳೆಯಿದ್ದುದರಿಂದ ರಾತ್ರಿಗೆ ಬೇಕಾದುದನ್ನೂ ಬೆಳಗ್ಗೆಯೇ ಕೊಯ್ದಿಡುವಳು. ನೀರನ್ನು ಕುದಿಸಿ ಒಲೆಯಿಂದ ಇಳಿಸಿದ ಮೇಲೆಯೇ ಎಲೆಗಳನ್ನು ಕೈಯಿಂದ ಹಿಸುಕಿ ಅದರಲ್ಲಿ ಹಾಕಿ, ತಟ್ಟೆಯನ್ನು ಮುಚ್ಚಿ, ದೇವರ ಪೂಜೆ ಮುಗಿಯುವ ತನಕ ಹಾಗೆಯೇ ಬಿಡುವಳು. ಆಮೇಲೆ ಸೋಸಿ, ಚೂರು ಬೆಲ್ಲವನ್ನು ಹಾಕಿ ನಮಗೆ ಕೊಡುವಳು. ಎಲೆ ಹಾಕಿದ ಮೇಲೆ ಕುದಿಸಕೂಡದೆಂಬುದು ಆಕೆಯ ನಿಯಮ. ಏಕೆಂದು ಕೇಳಿದರೆ, “ಕುದಿಸಿದ್ರೆ ಅದರ ಜೀವ ಹೋಗ್ತದೆ” ಎಂದಷ್ಟೇ ಹೇಳುತ್ತಿದ್ದಳು.

ಆ ‘ಜೀವ’ವೆಂದರೆ ಎಲೆಯಲ್ಲಿರುವ ಸುಗಂಧತೈಲ. ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲುಗಳ ಘಮಕ್ಕೂ ರುಚಿಗೂ ಆ ತೈಲವೇ ಕಾರಣ. ಅದು ಶಾಖಕ್ಕೆ ಬಹುಬೇಗ ಆವಿಯಾಗಿ ಹಾರಿಹೋಗುವ ವಸ್ತು. ಕಷಾಯವು ಕುದಿಯುವಾಗ ಮನೆಯೆಲ್ಲ ಘಮಘಮಿಸಿದರೆ ಅನೇಕರು ಅದನ್ನು ಹದದ ಗುರುತೆಂದು ತಿಳಿದು ಸಂತೋಷಪಡುತ್ತಾರೆ. ವಾಸ್ತವವಾಗಿ ಪಡಸಾಲೆಯಲ್ಲಿ ಹರಡಿದ ಪರಿಮಳವೆಲ್ಲ ಲೋಟಕ್ಕೆ ಬಾರದೆ ಕಳೆದುಹೋದ ಪರಿಮಳವೇ ಅಲ್ಲವೇ? ಎಲೆಯ ಕಷಾಯಕ್ಕೆ ಮುಚ್ಚಳವು ಬೆಂಕಿಗಿಂತಲೂ ಮುಖ್ಯ.

ದಾವಣಗೆರೆಯ ನಮ್ಮ ಅತ್ತೆಯವರ ಕ್ರಮವು ಇದಕ್ಕೆ ತೀರ ಬೇರೆ. ಮಂಡಿಪೇಟೆಯಿಂದ ತಂದ ಹವೀಜವನ್ನು ಆರಿಸಿ, ಬಿಸಿಲಿಗೆ ಹಾಕಿ, ಚಳಿಗಾಲಕ್ಕೆಂದು ಒಂದೇ ಸಲ ಪುಡಿಮಾಡಿ ಡಬ್ಬಿಗೆ ತುಂಬುತ್ತಿದ್ದರು. ಅವರ ಲೆಕ್ಕವನ್ನು ನಾನು ಈಗಲೂ ಪಾಲಿಸುತ್ತೇನೆ: ಹವೀಜ 4 ಬಟ್ಟಲು, ಜೀರಿಗೆ 2 ಬಟ್ಟಲು, ಕರಿಮೆಣಸು 1 ಬಟ್ಟಲು, ಕುಟ್ಟಿದ ಒಣಶುಂಠಿ 1 ಬಟ್ಟಲು, ಮೆಂತ್ಯ ಎರಡು ಚಮಚ, ಏಲಕ್ಕಿ ಹತ್ತು. ಮಕ್ಕಳಿರುವ ಮನೆಯಲ್ಲಿ ಮೆಣಸನ್ನು ಅರ್ಧಕ್ಕೆ ಇಳಿಸಬೇಕು. ಹವೀಜ, ಜೀರಿಗೆ, ಮೆಂತ್ಯಗಳನ್ನು ಒಂದೊಂದಾಗಿ ಸಣ್ಣ ಉರಿಯಲ್ಲಿ, ಬಣ್ಣ ತಿರುಗುವ ಮೊದಲೇ, ಬೆಚ್ಚಗಾಗುವಷ್ಟು ಮಾತ್ರ ಹುರಿಯತಕ್ಕದ್ದು, ಕಪ್ಪಾದರೆ ಕಹಿ. ಆರಿದ ಮೇಲೆ ಎಲ್ಲವನ್ನೂ ಕೂಡಿಸಿ ಪುಡಿಮಾಡಿ, ನೀರು ಸೋಕದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಎರಡು ತಿಂಗಳಿಗೆ ಸಾಲುವಷ್ಟನ್ನು ಮಾತ್ರ ಮಾಡಿಕೊಳ್ಳುವುದು ಜಾಣತನ. ಅದಕ್ಕೂ ಮಿಕ್ಕರೆ ಘಮವು ಕುಂದುತ್ತದೆ.

ಎರಡು ಲೋಟ ನೀರಿಗೆ ಒಂದೂವರೆ ಚಮಚ ಪುಡಿಯನ್ನು ಹಾಕಿ, ಒಂದೂವರೆ ಲೋಟವಾಗುವ ತನಕ ಕುದಿಸಿ, ಬೆಲ್ಲವನ್ನು ಕರಗಿಸಿ, ಒಲೆಯಿಂದ ಇಳಿಸಿದ ಮೇಲೆ ಕಾದ ಹಾಲನ್ನು ಬೆರೆಸುವುದು ಅವರ ಪದ್ಧತಿ. ಬೆಲ್ಲವು ಹಾಲಿನೊಡನೆ ಕುದಿದರೆ ಹಾಲು ಒಡೆಯುವ ಸಂಭವವುಂಟಾದ್ದರಿಂದ ಈ ಎಚ್ಚರಿಕೆ. ಹಾಲು ಬೇಡವೆನ್ನುವವರು ಬರಿಯ ಕಷಾಯವನ್ನೇ ಕುಡಿಯಬಹುದು.

ಈ ಎರಡು ಕ್ರಮಗಳನ್ನೂ ನಮ್ಮ ಆಯುರ್ವೇದವು ಬಲ್ಲುದು. ಗಿಡಮೂಲಿಕೆಯಿಂದ ಔಷಧವನ್ನು ತೆಗೆಯಲು ಅದು ಐದು ಮೂಲವಿಧಾನಗಳನ್ನು ಹೇಳುತ್ತದೆ: ಹಿಂಡಿದ ರಸ, ಅರೆದ ಕಲ್ಕ, ಕುದಿಸಿದ ಕ್ವಾಥ, ತಣ್ಣೀರಿನಲ್ಲಿ ರಾತ್ರಿಯೆಲ್ಲ ನೆನೆಸಿದ ಹಿಮ, ಬಿಸಿನೀರಿನಲ್ಲಿ ಅದ್ದಿ ಸೋಸಿದ ಫಾಂಟ. ಶಾರ್ಙ್ಗಧರಸಂಹಿತೆಯಲ್ಲಿ ಕ್ವಾಥಕ್ಕೆ ಒಂದು ಪಾಲು ಮೂಲಿಕೆಗೆ 16 ಪಾಲು ನೀರನ್ನು ಹಾಕಿ ಎಂಟನೆಯ ಒಂದು ಪಾಲಿಗೆ ಇಳಿಸಬೇಕೆಂಬ ಲೆಕ್ಕವಿದೆ. ಬೇರು, ತೊಗಟೆ, ಒಣಗಿದ ಕಾಳುಗಳು ಗಟ್ಟಿಯಾದುವು. ಕುದಿಸದೆ ತಮ್ಮ ಸಾರವನ್ನು ಬಿಟ್ಟುಕೊಡಲಾರವು. ಎಲೆ ಹೂಗಳು ಮೃದುವಾದುವು. ಬಿಸಿನೀರು ಸೋಕಿದರೆ ಸಾಕು. ನಮ್ಮ ಅವ್ವ ಫಾಂಟವನ್ನೂ, ಅತ್ತೆಯವರು ತಕ್ಕಮಟ್ಟಿಗೆ ಕ್ವಾಥವನ್ನೂ ಮಾಡುತ್ತಿದ್ದರು. ಇಬ್ಬರಿಗೂ ಆ ಹೆಸರುಗಳು ತಿಳಿದಿರಲಿಲ್ಲ. ಕೈಗೆ ಮಾತ್ರ ತಿಳಿದಿತ್ತು. ಎರಡನ್ನೂ ಕೂಡಿಸಬೇಕೆನ್ನುವವರು ಪುಡಿಯನ್ನು ಮೊದಲು ಕುದಿಸಿ, ಇಳಿಸಿದ ಮೇಲೆ ತುಳಸಿಯನ್ನು ಹಾಕಿ ಮುಚ್ಚಿಡಲಿ. ನಮ್ಮ ಮನೆಯಲ್ಲಿ ಈಗ ನಡೆದಿರುವುದು ಇದೇ ಕ್ರಮ.

ಹಾಗಾದರೆ ಕಷಾಯದಿಂದ ನಿಜವಾಗಿ ಗುಣವುಂಟೇ? ಈ ಪ್ರಶ್ನೆಯನ್ನು ಓದಿದ ಮಕ್ಕಳು ನಮ್ಮನ್ನು ಕೇಳುತ್ತಾರೆ, ಕೇಳಬೇಕಾದುದೇ. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾನಿಲಯದಲ್ಲಿ ಒಂದು ಪರೀಕ್ಷೆಯ ಫಲವು ಪ್ರಕಟವಾಯಿತು. ನೆಗಡಿಯಿಂದ ನರಳುತ್ತಿದ್ದ 30 ಮಂದಿಗೆ ಒಂದೇ ಹಣ್ಣಿನ ಪಾನಕವನ್ನು, ಕೆಲವರಿಗೆ ಬಿಸಿಯಾಗಿಯೂ ಕೆಲವರಿಗೆ ಕೋಣೆಯ ಶಾಖದಲ್ಲಿಯೂ ಕೊಟ್ಟರು. ಬಿಸಿಯಾಗಿ ಕುಡಿದವರಿಗೆ ಮೂಗು ಸೋರುವುದು, ಕೆಮ್ಮು, ಸೀನು ಇವುಗಳ ಜೊತೆಗೆ ಗಂಟಲುನೋವು, ಚಳಿ, ಆಯಾಸಗಳಿಂದಲೂ ಒಡನೆಯೇ ಉಪಶಮನ ದೊರೆಯಿತು. ಆದರೆ ಯಂತ್ರದಿಂದ ಅಳೆದು ನೋಡಿದಾಗ ಮೂಗಿನೊಳಗೆ ಗಾಳಿಯಾಡುವ ದಾರಿಯು ಹೆಚ್ಚೇನೂ ತೆರೆದುಕೊಂಡಿರಲಿಲ್ಲ. ಎಂದರೆ ಬಿಸಿಯ ಪಾನೀಯವು ರೋಗವನ್ನು ಓಡಿಸಲಿಲ್ಲ. ರೋಗಿಯ ಕಷ್ಟವನ್ನು ಇಳಿಸಿತು. ಸಾಮಾನ್ಯ ನೆಗಡಿಯು ವಾರ ಹತ್ತು ದಿನಗಳಲ್ಲಿ ತಾನಾಗಿಯೇ ಹೋಗತಕ್ಕುದು. ಆ ವಾರವನ್ನು ಸಹ್ಯವಾಗಿ ಕಳೆಯುವಂತೆ ಮಾಡುವುದು ಸಣ್ಣ ಉಪಕಾರವೇನಲ್ಲ. ಉಪಶಮನವೇ ಬೇರೆ, ಚಿಕಿತ್ಸೆಯೇ ಬೇರೆ ಎಂಬ ವಿವೇಕವೊಂದಿದ್ದರೆ ಕಷಾಯವು ಒಳ್ಳೆಯ ಗೆಳೆಯ; ಅದಿಲ್ಲದಿದ್ದರೆ ಅದೇ ಅಪಾಯಕ್ಕೆ ಮರೆಯಾಗುತ್ತದೆ. ಈ ಮಾತನ್ನು ನಾನು ಪುಸ್ತಕದಿಂದ ಕಲಿತುದಲ್ಲ. ನಮ್ಮ ಮಾವನವರ ಕೆಮ್ಮಿನಿಂದ ಕಲಿತುದು.

ದಾವಣಗೆರೆಯು ಹತ್ತಿಯ ಗಿರಣಿಗಳಿಂದ ಹೆಸರಾದ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಜನರು ಇದನ್ನು ಕೊಂಡಾಡುತ್ತಿದ್ದರು. ಈಗ ಆ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿಹೋಗಿವೆ. ನಾನು ಸೊಸೆಯಾಗಿ ಬಂದಾಗ ಮಾವನವರು ಒಂದು ಗಿರಣಿಯಲ್ಲಿ ಹತ್ತಿಯನ್ನು ಬಿಡಿಸಿ ಹಿಂಜುವ ವಿಭಾಗದಲ್ಲಿದ್ದರು. ಕೆಲಸ ಮುಗಿಸಿ ಬಂದಾಗ ಅವರ ಹುಬ್ಬುಗಳ ಮೇಲೆ ಸಣ್ಣ ಎಳೆಗಳು ಅಂಟಿಕೊಂಡಿರುತ್ತಿದ್ದುವು. ಅವರು ಬಚ್ಚಲಿನಲ್ಲಿ ಕೈಕಾಲು ತೊಳೆದು ಬರುವಷ್ಟರಲ್ಲಿ ಅತ್ತೆಯವರು ಕಷಾಯದ ಲೋಟವನ್ನು ಹಿಡಿದು ನಿಂತಿರುವರು. ಧೂಳಿನ ಕೆಲಸದವರು ಬೆಲ್ಲವನ್ನು ತಿನ್ನಬೇಕು, ಅದು ಎದೆಯ ಕಸವನ್ನು ಇಳಿಸುವುದು ಎಂಬ ನಂಬಿಕೆ ಕಾರ್ಮಿಕರಲ್ಲಿತ್ತು. ಅದಕ್ಕೆಂದು ಮಾವನವರ ಲೋಟಕ್ಕೆ ಬೆಲ್ಲ ಒಂದು ಉಂಡೆ ಹೆಚ್ಚು. ನಾವು ನುಂಗಿದುದು ಹೊಟ್ಟೆಯ ದಾರಿಯನ್ನು ಹಿಡಿಯುವುದು, ಉಸಿರಾಡಿದುದು ಪುಪ್ಪುಸದ ದಾರಿಯನ್ನು ಹಿಡಿಯುವುದು. ಇವೆರಡೂ ಬೇರೆಬೇರೆ ಬೀದಿಗಳು. ಆದರೆ ಅಕ್ಕರೆಯು ಅಂಗರಚನೆಯನ್ನು ಕೇಳಿಕೊಂಡು ಬರುವುದಿಲ್ಲ.

1986ರ ಮಾಗಿಯಲ್ಲಿ ಮಾವನವರ ಕೆಮ್ಮು ಹೆಚ್ಚಾಯಿತು. ಎದೆಯನ್ನು ಯಾರೋ ಹಗ್ಗದಿಂದ ಬಿಗಿದಂತಾಗುವುದೆಂದು ಹೇಳುವರು. ಮೆಟ್ಟಿಲನ್ನು ಹತ್ತಿ ಬಂದರೆ ಕುಳಿತು ಉಸಿರನ್ನು ತಿರುಗಿಸಿಕೊಳ್ಳುವರು. “ಚಳಿಗೆ ಹಿಂಗಾಗ್ತದೆ, ಸಂಕ್ರಾಂತಿ ಕಳೀಲಿ, ಎಲ್ಲಾ ಸರಿಹೋಗ್ತದೆ” ಎಂಬುದು ಅವರ ಮಾತು. ಕಡೆಗೆ ನನ್ನ ಯಜಮಾನರ ಒತ್ತಾಯಕ್ಕಾಗಿ ಒಬ್ಬ ಹಿರಿಯ ವೈದ್ಯರ ಬಳಿಗೆ ಹೊರಟರು. ಅತ್ತೆಯವರೂ ನಾನೂ ಜೊತೆಯಲ್ಲಿ ಹೋದೆವು. ವೈದ್ಯರು ಎದೆಯನ್ನು ಪರೀಕ್ಷಿಸಿ, “ಯಾವಾಗ ಜಾಸ್ತಿಯಾಗುತ್ತದೆ?” ಎಂದು ಕೇಳಿದರು. ಮಾವನವರು, “ಚಳಿಗಾಲದಾಗೆಲ್ಲ ಒಂದೇ ಸಮನೆ ಐತ್ರಿ” ಎಂದುಬಿಟ್ಟರು.

ಬಾಗಿಲ ಬಳಿ ನಿಂತಿದ್ದ ಅತ್ತೆಯವರು ಪರಪುರುಷರ ಮುಂದೆ ಮಾತನಾಡುವವರಲ್ಲ. ಆ ದಿನ ಮಾತನಾಡಿದರು. “ಅಲ್ಲ ಡಾಕ್ಟ್ರೇ. ವಾರದ ರಜಾ ಕಳೆದು ಮತ್ತೆ ಕೆಲಸಕ್ಕೆ ಹೋಗ್ತಾರಲ್ರಿ, ಆ ಮೊದಲನೇ ದಿನ ಬಂದವರೇ ಎರಡು ಲೋಟ ಕಷಾಯ ಕೇಳ್ತಾರೆ. ವಾರದ ಕೊನಿಗೆ ಒಂದೇ ಲೋಟಕ್ಕೆ ಸುಮ್ನಾಗ್ತಾರೆ. ಹೋದ ವರ್ಷ ಬ್ಯಾಸಿಗ್ಯಾಗೂ ಹಂಗೇ ಇತ್ರಿ” ಎಂದರು.

ವೈದ್ಯರು ಕೈಯಲ್ಲಿದ್ದ ಲೇಖನಿಯನ್ನು ಕೆಳಗಿಟ್ಟು ಅವರ ಕಡೆಗೆ ತಿರುಗಿದರು. ಆ ಮೇಲೆ ಅವರು ಕೇಳಿದ ಪ್ರಶ್ನೆಗಳೆಲ್ಲ ಗಿರಣಿಯನ್ನು ಕುರಿತುವೇ. ಹತ್ತಿಯ ಧೂಳಿನಿಂದ ಪುಪ್ಪುಸಕ್ಕೆ ಬರುವ ಒಂದು ರೋಗವುಂಟು. ಅದರ ಹೆಸರು ಬಿಸಿನೋಸಿಸ್. ನಾರುಬಟ್ಟೆಯನ್ನು ಸೂಚಿಸುವ ಪ್ರಾಚೀನ ಗ್ರೀಕರ ಪದದಿಂದ ಆ ಹೆಸರು ಬಂದಿತು. ನಾರಗಸೆ, ಸೆಣಬುಗಳನ್ನು ಹಿಂಜುವವರ ಕೆಮ್ಮನ್ನು ಕುರಿತು ಇಟಲಿಯ ವೈದ್ಯನಾದ ರಾಮಾಝೀನಿಯು ಹದಿನೆಂಟನೆಯ ಶತಮಾನದ ಆದಿಯಲ್ಲಿಯೇ ಬರೆದಿದ್ದನು. ಆ ರೋಗದ ಮೊದಲ ಘಟ್ಟದ ಲಕ್ಷಣವೇ ಇದು: ಬಿಡುವಿನ ನಂತರ ಧೂಳಿಗೆ ಮರಳಿದ ಮೊದಲನೆಯ ದಿನ ಎದೆ ಬಿಗಿಯುವುದು, ದಿನ ಕಳೆದಂತೆ ಸ್ವಲ್ಪ ಸಡಿಲವಾಗುವುದು. ಆ ಘಟ್ಟದಲ್ಲಿಯೇ ಧೂಳನ್ನು ಬಿಟ್ಟರೆ ಚೇತರಿಕೆಯುಂಟು. ಬಿಡದೆ ಹೋದರೆ ಬಿಗಿತವು ವಾರದ ಎಲ್ಲ ದಿನಗಳಿಗೂ ಹರಡಿ, ಕಡೆಗೆ ಶಾಶ್ವತವಾಗಿ ನಿಲ್ಲುವುದು. ಮುದ್ದೆ ರೊಟ್ಟಿಗಳ ನಡುವೆ ಎಣಿಸಿದ ಕಷಾಯದ ಲೋಟಗಳ ಲೆಕ್ಕವು ರೋಗವನ್ನು ಹಿಡಿದುಕೊಟ್ಟಿತು.

ವಿಭಾಗವನ್ನು ಬದಲಾಯಿಸಿಕೊಳ್ಳದೆ ಗತ್ಯಂತರವಿಲ್ಲವೆಂದು ವೈದ್ಯರು ಹೇಳಿದರು. ಅದು ಮಾತಿನಷ್ಟು ಸುಲಭವಾಗಿರಲಿಲ್ಲ. ಬಟ್ಟೆಯ ಉಗ್ರಾಣದಲ್ಲಿ ಕೆಲಸವು ದೊರೆಯಲು ಅನೇಕ ತಿಂಗಳುಗಳು ಹಿಡಿದುವು. ದೊರೆತಾಗ ಸಂಬಳವು ಮೊದಲಿಗಿಂತ ಕಡಿಮೆಯಾಯಿತು. ಮನೆಯಲ್ಲಿ ಇನ್ನೂ ಮದುವೆಯಾಗಬೇಕಾದ ಇಬ್ಬರು ನಾದಿನಿಯರಿದ್ದರು. ಆ ರಾತ್ರಿ ಮಾವನವರು, “ಇನ್ನೆರಡು ವರ್ಷ ಹೆಂಗೋ ತಳ್ಳಿದ್ರೆ ಆಗಿತ್ತು” ಎಂದುದಕ್ಕೆ ಅತ್ತೆಯವರು, “ದುಡ್ಡು ಕಮ್ಮಿ ಆದ್ರೆ ಒಂದೊತ್ತು ಉಣ್ತೀವಿ, ಉಸಿರು ಕಮ್ಮಿ ಆದ್ರೆ ಯಾರ ಹತ್ರ ಸಾಲ ತರ್ತೀರಿ?” ಎಂದು ಕೇಳಿದರು. ಅದಕ್ಕೆ ಉತ್ತರವಿರಲಿಲ್ಲ. ಮಾವನವರು ಉಗ್ರಾಣಕ್ಕೆ ಹೋದರು. ಅವರ ಉಸಿರು ಪೂರ್ಣವಾಗಿ ಹಿಂದಿನಂತಾಗಲಿಲ್ಲ. ಆದರೆ ಅವರು ಮೊಮ್ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಷ್ಟಾದರು, ಮತ್ತೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿದರು. ಕಷಾಯವನ್ನು ಮಾತ್ರ ಕಡೆಯ ತನಕ ಬಿಡಲಿಲ್ಲ. ಅದು ಅವರಿಗೆ ಔಷಧವಾಗಿರಲಿಲ್ಲ; ಯಾರೋ ತನ್ನ ದಾರಿಯನ್ನು ಕಾಯುತ್ತಿದ್ದಾರೆಂಬುದರ ಗುರುತಾಗಿತ್ತು.

ಈ ಪ್ರಸಂಗದಿಂದ ನನಗೆ ತಿಳಿದುಬಂದುದೇನೆಂದರೆ, ಕಷಾಯವನ್ನು ಮಾಡಿಕೊಡುವವರ ನಿಜವಾದ ಕೆಲಸವು ಲೋಟವನ್ನು ಕೊಟ್ಟಲ್ಲಿಗೆ ಮುಗಿಯುವುದಿಲ್ಲ. ಯಾರು ಕೆಮ್ಮಿದರು, ಎಷ್ಟು ದಿನ ಕೆಮ್ಮಿದರು, ಯಾವ ಹೊತ್ತಿನಲ್ಲಿ ಹೆಚ್ಚಾಯಿತು ಎಂಬುದನ್ನು ಮನೆಯಲ್ಲಿ ಬಲ್ಲವರು ಅವರೊಬ್ಬರೇ. ಆ ತಿಳಿವಳಿಕೆಯನ್ನು ನಾಚಿಕೆಯಿಂದ ನುಂಗಿಕೊಳ್ಳದೆ ವೈದ್ಯರ ಮುಂದೆ ಹೇಳಬೇಕು. ಎರಡು ವಾರಗಳಿಗೆ ಮಿಕ್ಕಿ ಕೆಮ್ಮು ನಿಂತರೆ ಕ್ಷಯದ ಪರೀಕ್ಷೆಯನ್ನು ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫದ ಪರೀಕ್ಷೆಗೂ ಔಷಧಕ್ಕೂ ಹಣವನ್ನು ತೆಗೆದುಕೊಳ್ಳುವುದಿಲ್ಲ. ಕಫದಲ್ಲಿ ರಕ್ತವು ಕಂಡರೆ, ಉಸಿರು ಮೇಲಕ್ಕೆಳೆದರೆ, ಮಗುವಿನ ಪಕ್ಕೆಗಳು ಉಸಿರಾಡುವಾಗ ಒಳಕ್ಕೆ ಎಳೆದುಕೊಂಡರೆ ಒಲೆಯನ್ನು ಹಚ್ಚುತ್ತ ಕೂಡದೆ ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು.

2020ರಲ್ಲಿ ಕೊರೋನಾ ಮಹಾಮಾರಿಯು ಬಂದಾಗ ಕಷಾಯಕ್ಕೆ ಇಡೀ ದೇಶದಲ್ಲಿಯೇ ಮರ್ಯಾದೆಯು ಬಂದಿತು. ಕೇಂದ್ರ ಸರ್ಕಾರದ ಆಯುಷ್ ಮಂತ್ರಾಲಯವು ಆ ವರ್ಷ ತುಳಸಿ 4 ಪಾಲು, ದಾಲ್ಚಿನ್ನಿ 2 ಪಾಲು, ಶುಂಠಿ 2 ಪಾಲು, ಕರಿಮೆಣಸು 1 ಪಾಲು ಕೂಡಿಸಿದ ‘ಆಯುಷ್ ಕ್ವಾಥ’ವನ್ನು ಸೂಚಿಸಿತು. ದಿನಕ್ಕೆ ಒಂದೆರಡು ಸಲ ಎಂಬುದು ಹೇಳಿಕೆ. ನಮ್ಮ ಬೀದಿಯಲ್ಲಿ ಒಂದೆರಡಕ್ಕೆ ನಿಲ್ಲಲಿಲ್ಲ. ಭಯವು ಹೆಚ್ಚಿದಷ್ಟೂ ಲೋಟಗಳೂ ಹೆಚ್ಚಿದುವು; ಮೆಣಸೂ ಹೆಚ್ಚಿತು. ಕೆಲವೇ ದಿನಗಳಲ್ಲಿ ನೆರೆಹೊರೆಯವರು ಬಾಯಿಹುಣ್ಣು, ಎದೆಯುರಿ ಎಂದು ಹೇಳತೊಡಗಿದರು. ಇನ್ನು ಕೆಲವರು ತಿಂಗಳುಗಟ್ಟಲೆ ಅಮೃತಬಳ್ಳಿಯ ಕಾಂಡವನ್ನು ಜಜ್ಜಿ ಕುದಿಸಿ ಕುಡಿದರು. 2021ರಲ್ಲಿ ಮುಂಬಯಿಯ ವೈದ್ಯರು, ಅಮೃತಬಳ್ಳಿಯನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿಮಾಡಿದರು. ಆಯುಷ್ ಮಂತ್ರಾಲಯವು ಇದನ್ನು ಒಪ್ಪದೆ, ಅದನ್ನೇ ಹೋಲುವ ಬೇರೆಯ ಬಳ್ಳಿಯನ್ನು ತಪ್ಪಾಗಿ ಸೇವಿಸಿರಬಹುದೆಂದು ವಾದಿಸಿತು. ವಾದದಲ್ಲಿ ಯಾರು ಗೆದ್ದರೂ ಮನೆಯವರಿಗೆ ಸಿಕ್ಕುವ ಪಾಠವು ಒಂದೇ: ಗುರುತು ಖಚಿತವಿಲ್ಲದ ಬಳ್ಳಿಯನ್ನು ಬೇಲಿಯಿಂದ ಕಿತ್ತು ಕುಡಿಯಬಾರದು, ಖಚಿತವಿದ್ದರೂ ತಿಂಗಳುಗಟ್ಟಲೆ ಬಿಡದೆ ಕುಡಿಯಬಾರದು.

ಅಡಿಗೆಮನೆಯ ವಸ್ತುವೆಂದಮಾತ್ರಕ್ಕೆ ಎಲ್ಲರಿಗೂ ಎಲ್ಲವೂ ನಿರಪಾಯವೆಂದು ಭಾವಿಸಬಾರದು. ಜೇಷ್ಠಮಧುವು ಗಂಟಲಿಗೆ ಹಿತವಾದರೂ ಹೆಚ್ಚು ದಿನ ಸೇವಿಸಿದರೆ ದೇಹದಲ್ಲಿನ ಪೊಟ್ಯಾಸಿಯಂ ಅಂಶವನ್ನು ಇಳಿಸಿ ರಕ್ತದ ಒತ್ತಡವನ್ನು ಏರಿಸುತ್ತದೆ; ಒತ್ತಡವುಳ್ಳವರೂ ಗರ್ಭಿಣಿಯರೂ ಅದನ್ನು ದೂರವಿಡುವುದು ಕ್ಷೇಮ. ಪೇಟೆಯಲ್ಲಿ ದಾಲ್ಚಿನ್ನಿಯೆಂದು ಮಾರುವುದರಲ್ಲಿ ಹೆಚ್ಚಿನದು ಕ್ಯಾಸಿಯಾ ಎಂಬ ದಪ್ಪ ತೊಗಟೆ. ಅದರಲ್ಲಿರುವ ಕೌಮರಿನ್ ಎಂಬ ವಸ್ತುವು ಅತಿಯಾದರೆ ಯಕೃತ್ತಿಗೆ ಒಳ್ಳೆಯದಲ್ಲ. ಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ಎಂಬ ಅಂಶವು ಕೆಲವು ಔಷಧಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಹೆಚ್ಚಿಸಬಲ್ಲುದು. ದಿನವೂ ಮಾತ್ರೆಗಳನ್ನು ತೆಗೆದುಕೊಳ್ಳುವವರು ತಮ್ಮ ವೈದ್ಯರಿಗೆ ಕಷಾಯದ ವಿಷಯವನ್ನೂ ತಿಳಿಸಿರಲಿ. ಮಧುಮೇಹವುಳ್ಳವರಿಗೆ ಬೆಲ್ಲವೂ ಸಕ್ಕರೆಯೇ. ಒಂದು ವರ್ಷ ತುಂಬದ ಕೂಸಿಗೆ ದೊಡ್ಡಪತ್ರೆಯ ರಸದೊಡನೆ ಜೇನುತುಪ್ಪವನ್ನು ನೆಕ್ಕಿಸುವ ರೂಢಿಯನ್ನು ಬಿಟ್ಟುಬಿಡಬೇಕು. ಜೇನಿನಲ್ಲಿ ಅಡಗಿರಬಹುದಾದ ಒಂದು ಸೂಕ್ಷ್ಮಜೀವಿಯು ಅಷ್ಟು ಎಳೆಯ ಕರುಳಿನಲ್ಲಿ ಬೆಳೆದು ಪ್ರಾಣಾಪಾಯವನ್ನು ತರಬಲ್ಲುದು. ಹಾಲುಗೂಸಿಗೆ ತಾಯಿಯ ಹಾಲೇ ಕಷಾಯ.

ಇಷ್ಟೊಂದು ನಿಷೇಧಗಳನ್ನು ಓದಿ, ಹಾಗಾದರೆ ಮಾಡುವುದಾದರೂ ಏಕೆಂದು ನನ್ನ ಸೋದರಿಯರು ಬೇಸರಪಡಬಾರದು. ಹವೀಜ, ಜೀರಿಗೆ, ಶುಂಠಿ, ತುಳಸಿಗಳನ್ನು ಅಡಿಗೆಯ ಪ್ರಮಾಣದಲ್ಲಿ ಬಳಸಿ ದಿನಕ್ಕೆ ಒಂದೆರಡು ಲೋಟ ಕುಡಿಯುವುದರಿಂದ ಆರೋಗ್ಯವಂತರಿಗೆ ಸುಖವೇ ಹೊರತು ತೊಂದರೆಯಿಲ್ಲ. ಚಳಿಗಾಲದಲ್ಲಿ ಬಾಯಾರಿಕೆ ಕಡಿಮೆಯಾಗಿ ನೀರು ಕುಡಿಯುವುದನ್ನೇ ಮರೆಯುವ ವೃದ್ಧರಿಗೆ, ಈ ನೆಪದಿಂದ ಎರಡು ಲೋಟ ನೀರು ಒಳಕ್ಕೆ ಹೋದರೂ ಲಾಭವೇ. ಖರ್ಚಿನ ಮಾತನ್ನು ಹೇಳಬೇಕಾದರೆ, ಪೇಟೆಯ ಒಂದು ಡಬ್ಬಿಯ ಬೆಲೆಗೆ ನಾವು ಮನೆಮಂದಿಗೆಲ್ಲ ಚಳಿಗಾಲಕ್ಕಾಗುವಷ್ಟು ಪುಡಿಯನ್ನು ಮಾಡಿಕೊಳ್ಳಬಹುದು.

ನಮ್ಮ ಹರಿಹರದ ದೇವರನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ನಿಂತಿರುವ ಮೂರ್ತಿಯು ಒಂದೇ. ಬಲಭಾಗವು ಹರ, ಎಡಭಾಗವು ಹರಿ. ಹರನು ಹೆಚ್ಚೋ ಹರಿಯು ಹೆಚ್ಚೋ ಎಂದು ಹೊರಗೆ ಕಾದಾಡುವವರಿಗೆ ಗರ್ಭಗುಡಿಯು ಕೊಡುವ ಉತ್ತರವು ಅದು. ಮನೆಮದ್ದನ್ನು ಹೊಗಳಿ ಆಸ್ಪತ್ರೆಯನ್ನು ತೆಗಳುವವರನ್ನೂ, ಆಸ್ಪತ್ರೆಯನ್ನು ನಂಬಿ ಅಜ್ಜಿಯ ಡಬ್ಬಿಯನ್ನು ಹೊರಕ್ಕೆ ಎಸೆಯುವವರನ್ನೂ ಕಂಡಾಗ ನನಗೆ ಆ ಮೂರ್ತಿಯ ನೆನಪಾಗುತ್ತದೆ. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜು ನಡೆದಿದೆ. ಅದಕ್ಕೂ ಎಷ್ಟೋ ತಲೆಮಾರುಗಳ ಮೊದಲಿನಿಂದ ಗ್ರಂಧಿಗೆ ಅಂಗಡಿಯ ವ್ಯಾಪಾರವು ನಡೆದುಬಂದಿದೆ. ಎರಡಕ್ಕೂ ಊರಿನಲ್ಲಿ ಸ್ಥಳವಿದೆ. ಯಾವುದಕ್ಕೆ ಯಾವಾಗ ಹೋಗಬೇಕೆಂಬ ವಿವೇಚನೆಯೊಂದೇ ನಮ್ಮ ಪಾಲಿಗೆ ಉಳಿದ ಕೆಲಸ.

ನಮ್ಮ ಅತ್ತೆಯವರು ತೀರಿಕೊಂಡ ಮೇಲೆ ಪುಡಿಯ ಡಬ್ಬಿಯು ನನ್ನ ಕೈಗೆ ಬಂದಿತು. ಈಗ ನನ್ನ ಸೊಸೆಯು ಅದೇ ಲೆಕ್ಕವನ್ನು ಕೇಳಿ ಬರೆದುಕೊಂಡಿದ್ದಾಳೆ. ಬಟ್ಟಲುಗಳ ಲೆಕ್ಕವನ್ನು ಬರೆಯಿಸಿದ ಮೇಲೆ ಕೊನೆಯಲ್ಲಿ ಇನ್ನೊಂದು ಸಾಲನ್ನೂ ಸೇರಿಸಿಕೊಳ್ಳಲು ಹೇಳಿದೆ: ಯಾರು ಎಷ್ಟು ಲೋಟ ಕೇಳಿದರೆಂಬುದನ್ನು ನೆನಪಿಡಬೇಕು, ಎಂದಿಗಿಂತ ಹೆಚ್ಚು ಕೇಳಿದರೆ ಏಕೆಂದು ವಿಚಾರಿಸಬೇಕು. ಈ ಲೇಖನವನ್ನು ಓದಿ ಪುಡಿಯನ್ನು ಮಾಡಿಕೊಳ್ಳುವ ಗೃಹಿಣಿಯರೂ, ಗೃಹಿಣಿಯು ಮಾಡಿಕೊಡಲೆಂದು ಕಾದು ಕೂಡದೆ ತಾವೇ ಒಲೆಯ ಮುಂದೆ ನಿಲ್ಲುವ ಗೃಹಸ್ಥರೂ, ಆ ಸಾಲನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರೆ ನನ್ನ ಬರವಣಿಗೆಯು ಸಾರ್ಥಕವಾಯಿತೆಂದು ಭಾವಿಸುವೆನು.